ನಿಂತಿರಲಿ ಸಂಜೆ ತನಕ

"ಜೀಪಿನಲ್ಲಿ ಮಲಗಿಸಿ ತಂದದ್ದು, ದೇಚಕ್ಕಾ,
ಮಾದಾಪುರದ ತಿರುವೆಲ್ಲ ಇದರ ಹೊಟ್ಟೆಯೊಳಗಿದೆ.
ಎಣ್ಣೆ ಕೆಳಗಿಳಿಯಬೇಕು.
ಸಂಜೆ ತನಕ ಪ್ಲಗ್ಗು ಮುಟ್ಟಬೇಡಿ."

ಮೊಯ್ದು ಗೋಡೆಗೂ ಅದಕ್ಕೂ ನಡುವೆ
ಅಂಗೈ ತೂರಿಸಿ ನೋಡಿದ. ಬೆನ್ನಿಗೂ ಉಸಿರು ಬೇಕಂತೆ.
ಒಲೆಯ ಪಕ್ಕ ಬೇಡವೇ ಬೇಡ ಎಂದ.
ಅಲ್ಲಿ ಅಟ್ಟದ ಮೇಲೆ
ಹಂದಿಮಾಂಸ ತನ್ನ ಪಾಡಿಗೆ ಹೊಗೆ ಕುಡಿಯುತ್ತಿತ್ತು.

ಫ್ರಿಜ್ಜಿನ ನೆತ್ತಿಯ ಮೇಲೊಂದು ಮೆಣಸಿನ ಕಾಳಿಟ್ಟೆ.
ಉರುಳಿ ನನ್ನ ಕಾಲಬುಡಕ್ಕೇ ಬಿತ್ತು.
ತೊಳೆದ ನೀರು ಬಾಗಿಲಿಗೆ ಹರಿಯಲೆಂದು
ಮಾವ ಬೇಕೆಂದೇ ಇಳಿಜಾರು ಬಿಟ್ಟ ನೆಲ.

ಮೊಯ್ದು ಅಂಗಾತ ಮಲಗಿ ಮುಂಗಾಲು ತಿರುಗಿಸಿದ.
ಅರೆ ಸುತ್ತು, ಇನ್ನೂ ಅರೆ,
ಕಾಳು ಹಿಂದಕ್ಕೆ ಉರುಳುವ ತನಕ.
"ಇನ್ನು ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತೆ,
ಮರೆತರೂ."

ಅವನು ಹೋದ. ನಾನು ಮುಕ್ಕಾಲಿಯ ಮೇಲೆ, ಅದು ಎದುರಿಗೆ,
ಕಾಫಿಯೂ ಬೇಡವೆಂದ ನೆಂಟನ ಹಾಗೆ.
ಮೀನಿನ ಪಾತ್ರೆಗೆ ಕಲ್ಲು ಹೇರಿಟ್ಟೆ.
ಬೆಕ್ಕಿಗೆ ಕಾಯುವುದು ನನಗಿಂತ ಚೆನ್ನಾಗಿ ಗೊತ್ತು.

ಆರೂಕಾಲಿಗೆ ಸ್ವಿಚ್ಚು ಒತ್ತಿದೆ.
ಒಮ್ಮೆ ಮೈ ನಡುಗಿಸಿ, ಸಣ್ಣಗೆ ಗುನುಗಿತು.

ಮೊದಲು ಒಳಗಿಟ್ಟದ್ದು ಕಾಚಂಪುಳಿಯ ಬಾಟಲಿ.
ಅದಕ್ಕೆ ತಂಪು ಬೇಕಿಲ್ಲ, ಗೊತ್ತು.
ಹೊಸ ಮನೆಗೆ ಮೊದಲು ಕಾಲಿಡುವವರು
ಹಿರಿಯರಾಗಿರಲಿ ಎಂದು.