ನೂರೆಂಬತ್ತನಾಲ್ಕನೆಯ ದಿನ

ಗ್ಲೊವಾಕಿ ಬಂದನೆಂದರೆ ಮೊದಲು ಬೂಟಿನ ಸದ್ದು:
ಕಾಲೊರಸಿನ ಮೇಲೆ ಮೂರು ಸಲ ಕುಟ್ಟಿ
ಬಫಲೋ ಊರಿನ ಹಿಮವನ್ನೆಲ್ಲ ನನ್ನ ಬಾಗಿಲಲ್ಲೇ ಬಿಡುತ್ತಾನೆ.
ಹಿಂದೆಯೇ ಲಿಯೋನಾ, ಕೈಚೀಲದ ಕೊಂಡಿ
ತೆಗೆಯುತ್ತ, ಹಾಕುತ್ತ.

ನಲವತ್ತೊಂದು ವರ್ಷ ಮೊಳೆ, ಬೀಗ, ತಿರುಪು ಮಾರಿದವನು.
ಕಡೆಗೆ ಅಂಗಡಿಯನ್ನೇ ಮಾರಿದ;
ಆ ದುಡ್ಡು ಬಾಂಡುಗಳಲ್ಲಿ ಕೂತು ಮರಿ ಹಾಕುತ್ತಿದೆ.
ಪ್ರತಿ ಮರಿಯ ಕಿವಿಗೂ ರಾಜ್ಯದ ಮುದ್ರೆ.

"ತೆರಿಗೆ ಇಲ್ಲದ ಊರು ಹೇಳಮ್ಮ" ಅಂದ,
ನಲ್ಲಿಗೆ ವಾಷರ್ ಕೇಳಿದಷ್ಟು ಸಲೀಸಾಗಿ.
ಟೆನೆಸೀಯಲ್ಲಿ ಸಂಪಾದನೆಗಿಲ್ಲ, ತಿನ್ನುವ ರೊಟ್ಟಿಗುಂಟು.
ಟೆಕ್ಸಸ್‌ನಲ್ಲಿ ರೊಟ್ಟಿಗಿಲ್ಲ, ತಲೆಯ ಮೇಲಿನ ಸೂರಿಗುಂಟು.
ನ್ಯೂ ಹ್ಯಾಂಪ್‌ಶೈರ್‌ನಲ್ಲಿ...
"ಮತ್ತೆ ಹಿಮವೇ?" ಅಂದಳು ಲಿಯೋನಾ.
ಹಾಗಾದರೆ ಫ್ಲಾರಿಡಾ.
ತೆರಿಗೆ ಕಡಿಮೆ, ಬಿರುಗಾಳಿಯ ವಿಮೆ ಜಾಸ್ತಿ.

ಪಂಟಾ ಗೋರ್ಡಾದಲ್ಲಿ ಎರಡು ಕೋಣೆ ಕೊಂಡರು.
ಇಲ್ಲಿಯ ಮನೆಯನ್ನೂ ಬಿಡಲಿಲ್ಲ;
ಎದುರು ಬದಿಯಲ್ಲಿ ಅವನ ಅಕ್ಕ ಸ್ಟೇಷಾ,
ಅವಳ ಬಾಯ್ಲರಿಗೆ ಇವನ ಕೈಯೇ ಆಗಬೇಕು.

ಆಗ ಹೇಳಿದೆ ನಿಯಮ:
ಇಲ್ಲಿ ಮನೆ ಇಟ್ಟುಕೊಂಡು ವರ್ಷಕ್ಕೆ
ನೂರೆಂಬತ್ತಮೂರು ದಿನ ಇರಬಹುದು.
ಒಂದು ಹೆಚ್ಚಾದರೆ ನೀವು ನ್ಯೂಯಾರ್ಕಿನವರೇ,
ಮರಿಗಳೂ ನ್ಯೂಯಾರ್ಕಿನವೇ.
ದಿನದ ಚೂರೂ ಒಂದು ದಿನ.

ಹಳೆಯ ಸ್ಟಾಕ್ ಪುಸ್ತಕದಲ್ಲಿ
"ಅರ್ಧ ಇಂಚಿನ ತಿರುಪು" ಎಂದಿದ್ದ ಕಡೆ
ದಿನಗಳನ್ನು ಬರೆಯತೊಡಗಿದ.
ಒಮ್ಮೆ ಪೆನ್ಸಿಲ್ವೇನಿಯಾದ ಕಡೆಯ ಪೆಟ್ರೋಲ್ ಬಂಕಿನಲ್ಲಿ,
ಮನೆ ಇನ್ನು ಒಂದೂವರೆ ಗಂಟೆಯ ದಾರಿ ಇರುವಾಗ,
ಕಾರು ನಿಲ್ಲಿಸಿ ನಡುರಾತ್ರಿ ದಾಟುವವರೆಗೆ
ಇಬ್ಬರೂ ತಣ್ಣಗಾದ ಕಾಫಿ ಕುಡಿದರಂತೆ.
"ಒಂದು ದಿನ ಉಳಿಯಿತು" ಎನ್ನುವಾಗ ಅವನದು
ಬೇಲಿ ಹಾರಿ ಸೇಬು ಕದ್ದ ಹುಡುಗನ ಮುಖ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಅನ್ನುತ್ತಾರೆ.
ಇಲ್ಲಿ ಅವನೇ ಕೇಳುತ್ತಾನೆ:
ನಿಮ್ಮ ಪ್ರೀತಿಯ ವಸ್ತುಗಳು ಎಲ್ಲಿವೆ?
ಮದುವೆಯ ಫೋಟೋ ಯಾವ ಗೋಡೆಯ ಮೇಲೆ?
ನಾಯಿಯ ಲೈಸೆನ್ಸ್ ಯಾವ ಊರಿನದು?
ಲಿಯೋನಾ ಪಟ್ಟಿ ಹಿಡಿದು ಎಲ್ಲವನ್ನೂ ದಕ್ಷಿಣಕ್ಕೆ ಸಾಗಿಸಿದಳು:
ಫೋಟೋ, ನಾಯಿ, ಅಮ್ಮನ ಲಟ್ಟಣಿಗೆ.
ಸ್ಟೇಷಾಳನ್ನು ಯಾವ ಕಾಲಂನಲ್ಲಿ ಬರೆಯುವುದೋ
ನನಗೂ ಗೊತ್ತಿರಲಿಲ್ಲ.

ಡಿಸೆಂಬರ್ ಒಂಬತ್ತಕ್ಕೆ ಪುಸ್ತಕದಲ್ಲಿ
ನೂರೆಂಬತ್ತಮೂರು ತುಂಬಿ, ಅವರು ಹೊರಟರು.
ಹನ್ನೆರಡಕ್ಕೆ ಫೋನ್: ಸ್ಟೇಷಾ ಆಸ್ಪತ್ರೆಯಲ್ಲಿ.
"ಆಸ್ಪತ್ರೆಯ ದಿನ ಲೆಕ್ಕಕ್ಕೆ ಬರುತ್ತದಾ?"
ನೀವೇ ರೋಗಿಯಾಗಿ ಮಲಗಿದ್ದರೆ ಬರುವುದಿಲ್ಲ, ಅಂದೆ.
ರೋಗಿಯ ಪಕ್ಕ ಕೂತರೆ ಬರುತ್ತದೆ.
ಆ ಕಡೆಯಿಂದ ಬಹಳ ಹೊತ್ತು
ಏರ್ ಕಂಡೀಷನರಿನ ಗುಂಯ್ ಮಾತ್ರ.

ಮಾರ್ಚಿನಲ್ಲಿ ಬಂದ. ಮೂರು ಸಲ ಬೂಟು.
ಪುಸ್ತಕ ಬಿಡಿಸಿದೆ. ನೂರೆಂಬತ್ತಮೂರರ ಕೆಳಗೆ
ಅಂಕಿಗಳಿರಲಿಲ್ಲ.
"ಸೂಪ್ ಕುಡಿದಳು."
"ಸೂಪ್ ಕುಡಿದಳು. ನನ್ನನ್ನು ಅಪ್ಪ ಅಂದುಕೊಂಡಳು."
"ಕುಡಿಯಲಿಲ್ಲ."
ನಾಲ್ಕನೆಯ ಸಾಲಿನಲ್ಲಿ ಬರೀ ಒಂದು ಗಂಟೆ, ಒಂದು ನಿಮಿಷ:
ಬೆಳಗಿನ ಐದೂ ಇಪ್ಪತ್ತು.

ದಾರಿ ಹುಡುಕುವುದು ನನ್ನ ಕಸುಬು.
ಹೇಳಬಾರದ್ದನ್ನು ಹೇಳಿಬಿಟ್ಟೆ:
ನಾಲ್ಕೇ ದಿನ. ಈ ಹಾಳೆ ಇಲ್ಲದಿದ್ದರೆ
ಯಾರು ಬಂದು ಎಣಿಸುತ್ತಾರೆ?
ಮೊಳೆ ಎಣಿಸಿ ದಪ್ಪಗಾದ ಅಂಗೈಯನ್ನು
ಹಾಳೆಯ ಮೇಲೆ ಮುಚ್ಚಿ ಇಟ್ಟ.
"ಇದ್ದೆ ಅಂತ ಬರಿ" ಅಂದ.

ಬರೆದೆ. ಮೊತ್ತ ದೊಡ್ಡದೇ ಇತ್ತು.
ಅಂಗಡಿಯ ಬಿಲ್ಲಿಗೆ ಎಳೆಯುತ್ತಿದ್ದಂತೆ
ಚೆಕ್ಕಿನ ಸಹಿಯ ಕೆಳಗೆ ಎರಡು ಗೆರೆ ಎಳೆದ.

ಹೊರಡುವಾಗ ಲಿಯೋನಾ ಕೈಚೀಲ ತೆರೆದಳು:
ಆಸ್ಪತ್ರೆಯ ಪಾರ್ಕಿಂಗ್ ಚೀಟಿ, ನಾಲ್ಕು,
ರಬ್ಬರ್ ಬ್ಯಾಂಡ್ ಸುತ್ತಿ.
"ಇವಕ್ಕೇನಾದರೂ ಕಡಿತ ಉಂಟಾ?"

ಇಲ್ಲ, ಅಂದೆ.
ಮತ್ತೆ ಚೀಲಕ್ಕೇ ಹಾಕಿಕೊಂಡಳು.