ತಳದ ಕಾಸು

ಬಾರ್ನ್ಸ್ಲಿಯ ಏರುಬೀದಿ, ಶನಿವಾರ, ಮೋಡ.
ಪಕ್ಕದ ಮನೆ ವಿಲ್ಫಜ್ಜನ ಅಡುಗೆಮೇಜಿನ ಮೇಲೆ
ಅವನ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಕೂತಿದ್ದೇನೆ.
ಸ್ಕ್ರೂಗಳೆಲ್ಲ ಉಪ್ಪಿನಕಾಯಿ ಭರಣಿಯ ಮುಚ್ಚಳದಲ್ಲಿ.
ಭರಣಿ ನಾನೇ ಕೊಟ್ಟದ್ದು. ಖಾರ ಖಾರ ಎಂದು ಬೈಯುತ್ತಲೇ
ಬಳಿದು ಮುಗಿಸಿದ್ದಾನೆ.

ಒಳಗೆ ಹನ್ನೊಂದು ವರ್ಷದ ಧೂಳು,
ಹಳೇ ಕಂಬಳಿ ಒದರಿದ ಹಾಗೆ.
ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡು
ಪಾರಿವಾಳದ ಒಂದು ಎಳೆಪುಕ್ಕ.
ಬೆಳಕಿಗೆ ಹಿಡಿದು ನೋಡಿದ.
"ನೀಲಿ ಹೆಣ್ಣು. ಹದಿನೇಳರ ಮರಿ," ಅಂದ,
ಹಸ್ತಾಕ್ಷರ ಗುರುತಿಸುವವರ ಹಾಗೆ.

ಎಲ್ಲ ಇದರೊಳಗೇ ಇದೆ.
ಯಾವ ಜೋಡಿಯ ಮೊಟ್ಟೆ, ಕಾಲುಂಗುರದ ನಂಬರು,
ಫ್ರಾನ್ಸಿನಲ್ಲಿ ಬುಟ್ಟಿ ತೆರೆದ ಗಳಿಗೆ,
ಕಡಲು ದಾಟಿ ಹಿತ್ತಲ ಗೂಡಿನ ಹಲಗೆಗೆ
ಕಾಲಿಟ್ಟ ಗಳಿಗೆ, ನಿಮಿಷಕ್ಕೆ ಎಷ್ಟು ಗಜ.
ಬಾರದವುಗಳ ಮುಂದೆ
ಬರೀ ಒಂದು ಅಡ್ಡಗೆರೆ.

ಗುಂಡಿ ಒತ್ತಿದರೆ ಪರದೆ ಬೆಳಗಲು ನಾಲ್ಕೂವರೆ ನಿಮಿಷ.
"ಅಷ್ಟರಲ್ಲಿ ನನ್ನ ಹಕ್ಕಿ ನಾಲ್ಕು ಮೈಲಿ ಬಂದಿರುತ್ತೆ!"

ಅದಕ್ಕೇ ಈ ಹೊಸ ಡ್ರೈವು. ಬಿಸ್ಕತ್ತಿನ ಪೊಟ್ಟಣಕ್ಕಿಂತ ಹಗುರ.
ತಿರುಗುವ ತಟ್ಟೆಯಿಲ್ಲ, ಓಡಾಡುವ ಮುಳ್ಳಿಲ್ಲ,
ಕೂತಲ್ಲೇ ಕೂತು ಎಲ್ಲ ಒಪ್ಪಿಸುವ ಜಾತಿ.
ಹಳೆಯದರಿಂದ ಇದಕ್ಕೆ ನಕಲು ಇಳಿಯತೊಡಗಿತು.
ನೂರಕ್ಕೆ ಮೂರು. ನೂರಕ್ಕೆ ಒಂಬತ್ತು.
ಚಹಾ.
ನಲವತ್ತು. ಅವನು ಕಾಳು ಹಾಕಿ ಬಂದ.
ಅರವತ್ತೆರಡಕ್ಕೆ ಬಂದು ನಿಂತೇಬಿಟ್ಟಿತು.
ನನಗೆ ಬೆವರು. ಅಷ್ಟೂ ಹಕ್ಕಿಗಳು ನಡುಗಡಲಲ್ಲಿ.
ಅವನಿಗೆ ಗಾಬರಿಯಿಲ್ಲ.
"ಎದುರುಗಾಳಿ," ಅಂದ.

ಮಧ್ಯಾಹ್ನ ಕೇಬಲ್ಲು ಬದಲಿಸಿ, ಹಳೆಯದನ್ನು ಹೊರಗಿಟ್ಟು
ಗುಂಡಿ ಒತ್ತಿದೆ.
ಹನ್ನೊಂದು ಎಣಿಸುವುದರೊಳಗೆ ಪರದೆ ತುಂಬ ಹಕ್ಕಿ.
ಹಿಗ್ಗಿ ಅವನತ್ತ ತಿರುಗಿದೆ.
ಅವನು ಪರದೆ ನೋಡುತ್ತಲೇ ಇರಲಿಲ್ಲ.
ಅಂಗೈ ಪೆಟ್ಟಿಗೆಯ ಮಗ್ಗುಲಿಗೆ ಒತ್ತಿ, ಜರುಗಿಸಿ,
ಮತ್ತೆ ಒತ್ತಿ
"ಹೋಯಿತಲ್ಲ ಇದು, ಹುಡುಗಿ," ಅಂದ.

ಹದಿನೈದಕ್ಕೆ ಗಣಿಗೆ ಇಳಿದವನು.
ಕಲ್ಲಿದ್ದಲು ಕೊರೆಯುವ ಯಂತ್ರ ಕಿವಿ ತಿಂದಿತು.
ಆಸ್ಪತ್ರೆಯಲ್ಲಿ ನನ್ನ ಕೆಲಸವೇ ಕಿವಿ.
ಅಳತೆ ತೆಗೆದು ನಾನೇ ಕೂರಿಸಿದ ಶ್ರವಣಯಂತ್ರ
ಖಾನೆಯಲ್ಲಿ, ಪಾರಿವಾಳದ ಉಂಗುರಗಳ ನಡುವೆ ಮಲಗಿದೆ.
ಇವನು ಕೇಳುವುದು ಕೈಯಿಂದ ಎಂದು
ನನ್ನ ಚಾರ್ಟಿನಲ್ಲಿ ಎಲ್ಲೂ ಬರೆದಿರಲಿಲ್ಲ.
ಮರಿಯ ಎದೆ, ಕೆಟಲಿನ ಕುದಿ,
ನಾನು ಆಗಲೇ ಕಿತ್ತಿಟ್ಟ ಆ ಡಿಸ್ಕಿನ ನಡುಕ.

ನಮ್ಮ ಸೋದರತ್ತೆ ಕಡುಬಿನ ಪಾತ್ರೆಯ ತಳಕ್ಕೆ
ಒಂದು ತಾಮ್ರದ ಕಾಸು ಹಾಕಿ ಜಗಲಿಗೆ ಬಂದು ಹರಟುತ್ತಿದ್ದಳು.
ನೀರಿರುವ ತನಕ ಕಾಸು ಲೊಟಲೊಟ ಕುಣಿಯುತ್ತದೆ.
ನಮಗ್ಯಾರಿಗೂ ಆ ಸದ್ದು ಕೇಳಿಸುತ್ತಿರಲಿಲ್ಲ.
ನಿಂತಾಗ ಮಾತ್ರ ಅವಳು
ಅರ್ಧ ಮಾತು ಬಿಟ್ಟು ಒಳಗೆ ಓಡುತ್ತಿದ್ದಳು.

ಮತ್ತೆ ಸ್ಕ್ರೂ ಬಿಚ್ಚಿದೆ.
ಹಳೇ ಡಿಸ್ಕನ್ನು ಕೆಳಗಿನ ಗೂಡಿಗೆ ಕೂರಿಸಿ ತಂತಿ ಕೊಟ್ಟೆ.
ಅದಕ್ಕೀಗ ಓದುವುದಿಲ್ಲ, ಬರೆಯುವುದಿಲ್ಲ,
ನಿದ್ದೆ ಮಾತ್ರ ಹೋಗಬಾರದೆಂದು ಸೆಟ್ಟಿಂಗಿನಲ್ಲಿ ತಾಕೀತು.
ನಿಮಿಷಕ್ಕೆ ಏಳು ಸಾವಿರದ ಇನ್ನೂರು ಸುತ್ತು,
ಎಲ್ಲಿಗೂ ಹೋಗದೆ.

ಅಂಗೈ ಇಟ್ಟ. ಕಣ್ಣು ಮುಚ್ಚಿದ.
"ಹಾಂ," ಅಂದ, ಕಿಟಕಿಯತ್ತ ಕುರ್ಚಿ ಎಳೆದುಕೊಂಡ.

ಮುಚ್ಚಳದಲ್ಲಿ ಒಂದು ಸ್ಕ್ರೂ ಉಳಿದುಹೋಗಿತ್ತು.
ಎಲ್ಲಿಯದೆಂದು ಎಷ್ಟು ಹುಡುಕಿದರೂ ತಿಳಿಯಲಿಲ್ಲ.
ಕೋಟಿನ ಜೇಬಿಗೆ ಹಾಕಿಕೊಂಡೆ. ಇಳಿಜಾರಿನಲ್ಲಿ
ಬೀಗದ ಕೈಗೆ ತಾಗಿ
ಮನೆಯ ತನಕ ಸಣ್ಣಗೆ ಏನೋ ಹೇಳುತ್ತಲೇ ಬಂತು.