ಆರಕ್ಕೆ ಒಂದು

ಶಿವಡಿಯ ಕಟ್ಟಡ, ಇಪ್ಪತ್ತೆರಡು ಮಹಡಿ.
ಅದರ ಸಿ-ಹದಿನೇಳು ಎಂಬ ಕಂಬವನ್ನು
ನೆಲದಿಂದ ತಾರಸಿಯವರೆಗೆ ಒಂದೇ ಉಸಿರಿಗೆ ಎಳೆದೆ.
ಪರದೆಯ ಮೇಲೆ ಎರಡು ಕ್ಲಿಕ್ಕು,
ಇಲ್ಲಿ ಬುಡ, ಅಲ್ಲಿ ತುದಿ.
ಜಲ್ಲೆಯ ಹಾಗೆ ನಿಂತಿತು, ಗೆಣ್ಣಿಲ್ಲದ ಕಬ್ಬು.

ಪಂಥಕಿ ಮೇಡಮ್ ಕಳಿಸಿದ ಪಟ್ಟಿಯಲ್ಲಿ ಬೇರೆಯೇ ಇತ್ತು:
ಐದನೆಯ ಮಹಡಿವರೆಗೆ ಆರುನೂರಕ್ಕೆ ಒಂಬೈನೂರು,
ಹನ್ನೆರಡರವರೆಗೆ ನಾನೂರೈವತ್ತಕ್ಕೆ ಏಳುನೂರೈವತ್ತು,
ಆಮೇಲೆ ಮುನ್ನೂರಕ್ಕೆ ಆರುನೂರು.
ಮೇಲೆ ಹೋದಂತೆ ಹೊರೆ ಕಡಿಮೆ,
ಹೊರೆ ಇಳಿದಷ್ಟೂ ಮೈ ಕಡಿಮೆ,
ಮೈ ಇಳಿದಷ್ಟೂ ಮಾರಲು ಜಾಗ ಹೆಚ್ಚು.
ಈ ಊರಲ್ಲಿ ಚದರಡಿಗೆ ಎಷ್ಟೆಂದು
ಹಾಲಿನವನಿಗೂ ಗೊತ್ತು.

ಸಾಫ್ಟ್‌ವೇರಿನ ಲೆಕ್ಕದಲ್ಲಿ ಒಂದು ಕಂಬಕ್ಕೆ ಒಂದೇ ಅಳತೆ.
ನಡುವೆ ಸಣ್ಣಗಾಗು ಎಂದರೆ ಕೇಳುವುದಿಲ್ಲ.
ಕಡಿಯಬೇಕು. ಮಹಡಿ ಮಹಡಿಗೂ ಕಡಿದೆ.
ಒಂದೊಂದು ತುಂಡಿಗೂ ನಿನ್ನ ಬುಡ ಯಾವುದು, ತುದಿ ಯಾವುದು
ಎಂದು ಇಪ್ಪತ್ತೆರಡು ಸಲ ಹೇಳಿದೆ,
ಒಂದನೆಯ ತರಗತಿಯ ಹಾಜರಿಯ ಹಾಗೆ.
ಹೆಸರು ಮಾತ್ರ ಎಲ್ಲಕ್ಕೂ ಸಿ-ಹದಿನೇಳೇ.

ಅಳತೆ ಬದಲಿಸಿ ಚಹಾ ತರಲು ಹೋದೆ.
ಬಂದು ನೋಡಿದರೆ ಆರನೆಯ ಮಹಡಿಯ ತುಂಡು
ನಾಲ್ಕೂ ಕಡೆಯಿಂದ ಒಳಸರಿದು
ನಟ್ಟನಡುವೆ ನಿಂತಿದೆ,
ಅಪ್ಪನ ಚಪ್ಪಲಿಯಲ್ಲಿ ಕಾಲಿಟ್ಟ ಹುಡುಗ.
ರಸ್ತೆ ಬದಿಯ ಗೋಡೆ ಒರಗಲು ಹೋದರೆ
ಅಲ್ಲಿ ಎಪ್ಪತ್ತೈದು ಮಿಲಿಮೀಟರು ಬರೀ ಗಾಳಿ.

ಯಂತ್ರದ್ದು ತಪ್ಪಲ್ಲ. ಅದಕ್ಕೆ ಗೊತ್ತಿರುವುದು ನಡು ಒಂದೇ.
ಹೊರಮೈ ಎಂಬುದೊಂದಿದೆ, ಅದನ್ನು ಓಣಿ ನೋಡುತ್ತದೆ,
ಅದು ಕೆಳಗಿಂದ ಮೇಲಕ್ಕೆ ಒಂದೇ ಗೆರೆಯಲ್ಲಿರಬೇಕು
ಎಂಬುದನ್ನು ನಾವೇ ಕಲಿಸಬೇಕು.
ಪಶ್ಚಿಮಕ್ಕೆ ಎಪ್ಪತ್ತೈದು ಸರಿಸಿದೆ,
ಹದಿಮೂರರ ಮೇಲೆ ನೂರೈವತ್ತು.
ಹೊರಗೆಲ್ಲ ನೇರ. ಇದ್ದ ಸೊಟ್ಟವನ್ನೆಲ್ಲ
ಒಳಬದಿಗೆ ತಳ್ಳಿ ಮನೆಗೆ ಹೋದೆ.

ಗಣಪತಿ ಮುಳುಗಿಸಿದ ಮರುವಾರ ಸೈಟಿನಿಂದ ಫೋನು.
ಹಾರ್ಬರ್ ಲೈನಿನಲ್ಲಿ ಇಳಿದು, ಹೆಲ್ಮೆಟ್ ಹಾಕಿ, ಹಲಗೆ ಹತ್ತಿದೆ.
ಐದರ ಕಂಬಕ್ಕೆ ಸರಳು ಕಟ್ಟಿದ್ದಾರೆ, ಕಾಂಕ್ರೀಟು ಬಿದ್ದಿಲ್ಲ,
ಉಪ್ಪುಗಾಳಿಗೆ ಆಗಲೇ ಕೆಂಪು.
ಸರಳು ಕಟ್ಟುವ ಕಾಸಿಂಸಾಬ ಸುರಪುರದ ಕಡೆಯವನು,
ನಕ್ಷೆಯ ಮೂಲೆಯಲ್ಲಿ ಗಂಗಾಂಬಿಕಾ ಹೂಗಾರ ಎಂದು ಓದಿಸಿಕೊಂಡು
ನಾನು ಮುಟ್ಟುವ ಮೊದಲೇ ಹಿಂದಿ ಬಿಟ್ಟಿದ್ದ.

"ಬಾಯಾರ, ಸರಳು ಬಗ್ತದ, ಬಗ್ಗಲ್ಲ ಅನ್ನಲ್ಲ.
ಆದ್ರ ಅದಕ್ಕೊಂದು ಲೆಕ್ಕ ಅದ, ಆರು ಏರಿದ್ರ ಒಂದು ಬಾಗು.
ಈ ತೊಲಿ ಆಳ ಆರುನೂರು, ನೂರು ಬಗ್ಗಸ್ತೀನಿ.
ನೀವು ನೂರಾಐವತ್ತು ಕೇಳ್ಲಿಕತ್ತೀರಿ.
ಜುಲ್ಮಿ ಮಾಡಿ ಬಗ್ಗಿಸಿದ್ರ
ಭಾರ ಬಿದ್ದ ದಿನ ಹೊರಗ ಒದಿತದ ಅದು."

ನಾನು ಟೇಪು ಹಿಡಿದು ಎರಡು ಸಲ ಅಳೆದೆ.
ಟೇಪೂ ಅವನ ಪಕ್ಷ.

ಪಂಥಕಿ ಮೇಡಮ್ ಫೋನಿನಲ್ಲಿ ಒಂದು ಕ್ಷಣ ಸುಮ್ಮನಿದ್ದರು.
ನಂತರ: ಒಳಬದಿಯ ಸರಳನ್ನು ತೊಲೆಯಲ್ಲೇ ಮಡಚಿ ನಿಲ್ಲಿಸಿ,
ಮೇಲಕ್ಕೆ ಹೋಗುವುದಕ್ಕೆ ಕೆಳಗಿನ ಮಹಡಿಯಿಂದಲೇ ಹೊಸದು ಎಬ್ಬಿಸಿ,
ಹಳತೂ ಹೊಸತೂ ಒಂದಿಷ್ಟು ದೂರ ಜೊತೆಗೆ ಹೋಗಲಿ,
ಎಷ್ಟು ದೂರ ಎಂಬುದನ್ನು ಸಂಜೆ ಬರೆದು ಕಳಿಸುತ್ತೇನೆ.
ಕಾಸಿಂಸಾಬ ತಂತಿಯ ಸುರುಳಿ ಹೆಗಲಿಗೇರಿಸಿ
"ಹಂಗ ಅಂದ್ರ ಸೈ" ಅಂದ.

ಇಳಿಯುವಾಗ ಬೇಸ್‌ಮೆಂಟಿನಲ್ಲಿ ಸಿ-ಹದಿನೇಳರ ಬುಡ ಸಿಕ್ಕಿತು.
ತಬ್ಬಿದರೆ ಕೈಗೆ ಕೈ ಮುಟ್ಟದು.
ನಾಳೆ ಇದರ ಪಕ್ಕ ಸ್ಕೂಟರುಗಳಷ್ಟೇ ನಿಲ್ಲುತ್ತವೆ,
ಇದರ ಚದರಡಿ ಯಾರೂ ಕೇಳುವುದಿಲ್ಲ.
ಮೈಮೇಲೆ ಸೀಮೆಸುಣ್ಣದಲ್ಲಿ ಯಾರೋ ೧೭ ಎಂದು ಬರೆದಿದ್ದರು,
ಅದರ ಕೆಳಗೆ ಚಹಾದಂಗಡಿಯ ಬಾಕಿ:
ನಾಲ್ಕು ಗೀಟು, ಇನ್ನೂ ಆರದ ಐದನೆಯದು ಅಡ್ಡಕ್ಕೆ.

ಆ ಅಡ್ಡಗೀಟು ನಾನು ಕುಡಿದದ್ದು.